ಮರಿ ಕ್ಯಾಮೆರಾ ನೋಡದ ನಗು

ನನ್ನ ಗಂಡ ಸಾಯುವುದರಲ್ಲಿ ಹೆಸರು ಮಾಡಿದವರು. ಚೆನ್ನೈನ ಸಿನಿಮಾ ಬೀದಿಗಳಲ್ಲಿ, ಕೋಡಂಬಾಕ್ಕಂನಿಂದ ಸಾಲಿಗ್ರಾಮಂವರೆಗೆ, ಯಾವ ಪ್ರೊಡಕ್ಷನ್ ಮ್ಯಾನೇಜರನ್ನಾದರೂ ಕೇಳಿ ನೋಡಿ. ವೈರಮಣಿ ಎಂದರೆ ತಲೆ ಕೆರೆದುಕೊಳ್ಳುತ್ತಾನೆ, ಹೆಣದ ಮಣಿ ಎಂದರೆ ತಕ್ಷಣ ಫೋನ್ ನಂಬರು ಹೇಳುತ್ತಾನೆ. ನಾಯಕನ ಅಪ್ಪನಾಗಿ, ನಾಯಕಿಯ ತಾತನಾಗಿ, ಊರ ಯಜಮಾನನಾಗಿ, ರೈಲು ಹಳಿಯ ಪಕ್ಕ ಬಿದ್ದಿರುವ ಅನಾಥನಾಗಿ ಅವರು ಸತ್ತಿದ್ದಾರೆ. ಮಾತಿರುವ ಪಾತ್ರ ಸಿಕ್ಕಿದ್ದು ಅಪರೂಪ. ಸಿಕ್ಕರೂ ಎರಡು ಮಾತಾಡಿ ಎದೆ ಹಿಡಿದುಕೊಂಡು ಬೀಳುವುದೇ.

ನಾನು ಅಳುವವಳು. ಸಿನಿಮಾದಲ್ಲಿ ಹೆಣದ ಸುತ್ತ ಕೂತು, ಎದೆ ಬಡಿದುಕೊಂಡು, ಸತ್ತವನ ಗುಣಗಾನ ಮಾಡುತ್ತ ಹಾಡಿ ಅಳುವ ಹೆಂಗಸರ ಗುಂಪು ಇರುತ್ತದಲ್ಲ, ಅದರಲ್ಲಿ ಮುಂದಿನ ಸಾಲು ನನ್ನದು. ತಿಲಕವತಿಗೆ ಕಣ್ಣೀರು ಬರಿಸಲು ಗ್ಲಿಸರಿನ್ ಬೇಡ ಎಂದು ನನಗೂ ಸ್ವಲ್ಪ ಹೆಸರಿತ್ತು. ಅವರು ಸಾಯುವುದು, ನಾನು ಅಳುವುದು, ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬಂದು ರಸಂ ಅನ್ನ ಉಣ್ಣುವುದು. ನಮ್ಮ ಸಂಸಾರ ನಡೆದದ್ದು ಹೀಗೆ.

ಪರಿಚಯವಾದದ್ದೂ ಹಾಗೆಯೇ. ಯಾವುದೋ ಜಮೀನ್ದಾರನ ಹೆಣವಾಗಿ ಅವರು ಮಲಗಿದ್ದರು. ನಾನು ಹೊಸಬಳು, ಉತ್ಸಾಹದಲ್ಲಿ ಅವರ ಕಿವಿಯ ಹತ್ತಿರವೇ ಬಾಯಿಟ್ಟು ಗೋಳಾಡುತ್ತಿದ್ದೆ. ಕಣ್ಣು ತೆರೆಯದೆ, ತುಟಿ ಅಲ್ಲಾಡಿಸದೆ ಹೆಣ ಹೇಳಿತು:

“ಸ್ವಲ್ಪ ಮೆಲ್ಲಗೆ ಅಳಮ್ಮ ತಾಯಿ. ಹೀಗೆ ಅತ್ರೆ ಸತ್ತೋನು ಎದ್ದು ಓಡಿಹೋಗ್ತಾನೆ.”

ನನಗೆ ನಗು ತಡೆಯಲಾಗಲಿಲ್ಲ. ಟೇಕ್ ಹಾಳಾಯಿತು, ಎಲ್ಲರೆದುರಿಗೆ ಬೈಸಿಕೊಂಡೆ. ಮಾರನೇ ವರ್ಷ ವಡಪಳನಿ ಮುರುಗನ ಗುಡಿಯಲ್ಲಿ ಅದೇ ಹೆಣ ನನಗೆ ತಾಳಿ ಕಟ್ಟಿತು.

ನಮ್ಮ ಕಡೆ ಸಿನಿಮಾದವರಲ್ಲಿ ಒಂದು ಪದ್ಧತಿ ಇದೆ. ಕ್ಯಾಮೆರಾದ ಮುಂದೆ ಸತ್ತವನು ಸತ್ತ ಹಾಗೇ ಮನೆಗೆ ಹೋಗಬಾರದು. ಶಾಟ್ ಮುಗಿದ ಮೇಲೆ ಎದ್ದು ಕೂತು, ಅದೇ ಕ್ಯಾಮೆರಾವನ್ನು ನೋಡಿ ಒಂದು ಸಲ ನಗಬೇಕು. ಆ ನಗುವನ್ನೂ ಕ್ಯಾಮೆರಾ ತೆಗೆದುಕೊಳ್ಳಬೇಕು. ಸಾವು ನೋಡಿದ ಕಣ್ಣು ನಗುವನ್ನೂ ನೋಡದಿದ್ದರೆ ಆ ಸಾವು ಬೆನ್ನು ಹತ್ತಿ ಮನೆಗೆ ಬರುತ್ತದೆ ಎನ್ನುತ್ತಾರೆ. ರೀಲಿನ ಕಾಲದಲ್ಲಿ ಫಿಲ್ಮ್ ಎಂದರೆ ಚಿನ್ನ. ನಾಯಕಿಗೆ ಇನ್ನೊಂದು ಟೇಕ್ ಕೊಡಲು ಗೊಣಗುತ್ತಿದ್ದ ನಿರ್ಮಾಪಕರು ಕೂಡ ಹೆಣದ ನಗುವಿಗೆ ಫಿಲ್ಮ್ ಓಡಿಸುವಾಗ ತುಟಿಪಿಟಿಕ್ ಎನ್ನುತ್ತಿರಲಿಲ್ಲ. ಆಮೇಲೆ ಎಡಿಟಿಂಗ್ ಟೇಬಲ್ಲಿನ ಮೇಲೆ ಸಾವನ್ನು ಇಟ್ಟುಕೊಂಡು ನಗುವನ್ನು ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು. ನನ್ನ ಗಂಡನ ಎಷ್ಟು ನಗು ಹೀಗೆ ಕಸಕ್ಕೆ ಹೋಯಿತೋ, ಆ ಮುರುಗನಿಗೇ ಗೊತ್ತು.

ಅವರಿಗೆ ಚಟ್ಟದ ಮೇಲೆ ನಿದ್ದೆ ಹೋಗುವ ಅಭ್ಯಾಸ ಬೇರೆ. ಕಟ್ ಎಂದರೂ ಏಳುತ್ತಿರಲಿಲ್ಲ. ಆಗ ನಾನೇ ಹೋಗಿ ಭುಜ ತಟ್ಟಿ “ಸತ್ತಿದ್ದು ಸಾಕು, ಏಳ್ರೀ” ಅನ್ನುತ್ತಿದ್ದೆ. ಬರುಬರುತ್ತ ಅದು ಮನೆಯ ಮಾತಾಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ಅವರನ್ನು ಎಬ್ಬಿಸುತ್ತಿದ್ದದ್ದೂ ಹಾಗೆಯೇ. ಪಕ್ಕದ ಮನೆಯವರು, “ಏನಮ್ಮ ಇದು, ಬೆಳಿಗ್ಗೆ ಬೆಳಿಗ್ಗೆ ಇಂಥ ಮಾತು” ಎಂದು ಮೂಗು ಮುರಿಯುತ್ತಿದ್ದರು. ನಮ್ಮ ಹೊಟ್ಟೆಪಾಡೇ ಅದು, ನಮಗೇನು ಶಕುನ!

ಕಾಯಿಲೆ ಬಂದಮೇಲೆ ನಾನು ಆ ಮಾತು ಬಿಡಬೇಕೆಂದುಕೊಂಡೆ. ಅವರ ಶ್ವಾಸಕೋಶ ಒಣಗುತ್ತಿದೆ, ಗಟ್ಟಿಯಾಗುತ್ತಿದೆ, ಅದಕ್ಕೆ ಇರುವ ಔಷಧಿಯೆಲ್ಲ ಸ್ವಲ್ಪ ನಿಧಾನ ಮಾಡುವುದಕ್ಕೆ ಮಾತ್ರ ಎಂದು ಡಾಕ್ಟರು ಹೇಳಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು. ಕೆಮ್ಮು ಶುರುವಾದರೆ ಮುಖ ನೀಲಿಗಟ್ಟುತ್ತಿತ್ತು. ನಾನು ಹೆದರಿ ಮೆಲ್ಲಗೆ “ಏಳ್ರೀ” ಎಂದಷ್ಟೇ ಎಬ್ಬಿಸಿದ ದಿನ ಅವರು ಕಣ್ಣು ಬಿಡಲೇ ಇಲ್ಲ.

“ಪೂರ್ತಿ ಹೇಳು. ಅರ್ಧ ಹೇಳಿದ್ರೆ ಅರ್ಧಾನೇ ಏಳ್ತೀನಿ” ಎಂದರು.

ಎಲ್ಲಕ್ಕೂ ಹೀಗೆಯೇ. “ಉಸಿರಾಡದೆ ಇರೋದೇ ನನ್ನ ಕೆಲಸ, ಈಗ ಅಭ್ಯಾಸ ಮಾಡೋ ಕಷ್ಟವೂ ತಪ್ತು” ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟೊಂದು ತಮಾಷೆ ಮಾಡುವವನಿಗೆ ಭಯವೇ ಇಲ್ಲವೇ, ಅಥವಾ ನನ್ನನ್ನು ಒಂಟಿ ಮಾಡಿ ಹೋಗುತ್ತೇನೆಂಬ ಚಿಂತೆಯೇ ಇಲ್ಲವೇ ಎಂದು ಒಳಗೊಳಗೇ ಸಿಟ್ಟಾಗುತ್ತಿದ್ದೆ.

ಆಗ ಬಂತು ಆ ಸಿನಿಮಾ. ಹೊಸ ನಿರ್ದೇಶಕ. ಕಥೆಯೆಲ್ಲ ಒಂದೇ ದಿನದ್ದು: ಹಳ್ಳಿಯಲ್ಲಿ ಅಪ್ಪ ಸತ್ತಿದ್ದಾನೆ, ಬೆಂಕಿ ಇಡುವವರು ಯಾರೆಂದು ಮಕ್ಕಳು ಜಗಳವಾಡುತ್ತಿದ್ದಾರೆ. ಮೊದಲಿನಿಂದ ಕೊನೆಯವರೆಗೆ ಪರದೆಯ ಮೇಲೆ ಇರುವುದು ಅಪ್ಪನ ಹೆಣ.

“ಹೀರೋ ಕಣೇ ನಾನು! ಟೈಟಲ್‌ನಲ್ಲಿ ಮೊದಲನೇ ಹೆಸರು!” ಎಂದು ಅವರು ಮಂಚದ ಮೇಲೆ ಎದ್ದು ಕೂತರು.

“ಬೇಡ. ಆಗಲ್ಲ ನಿಮ್ಮ ಕೈಲಿ.”

“ಮಲಗಿರೋಕೆ ಆಗಲ್ವಾ? ಇಲ್ಲಿ ಮಲಗಿದ್ರೆ ಕಾಯಿಲೆ, ಅಲ್ಲಿ ಮಲಗಿದ್ರೆ ನಟನೆ. ಕಾಯಿಲೆ ವಿಷಯ ಯಾರಿಗೂ ಹೇಳಬಾರದು. ನನ್ನಾಣೆ.”

ಇಡೀ ಜನ್ಮ ಇನ್ನೊಬ್ಬರ ಸಿನಿಮಾದ ಮೂಲೆಯಲ್ಲಿ ಸತ್ತವರು. ಮೊದಲನೇ ಹೆಸರು ಎನ್ನುವಾಗ ಅವರ ಕಣ್ಣಿನಲ್ಲಿದ್ದ ಬೆಳಕು ನೋಡಿ ನನಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಳುವ ಹೆಂಗಸರ ಗುಂಪಿನಲ್ಲಿ ನಾನೂ ಹೊರಟೆ. ನನಗೆ ಬೇಕಾಗಿದ್ದದ್ದು ಒಂದೇ, ಅವರು ಜೀವಂತವಾಗಿ ನನ್ನ ಜೊತೆ ಮನೆಗೆ ವಾಪಸ್ ಬರಬೇಕು. ಡಾಕ್ಟರ ಕೈಯಲ್ಲಿ ಆಗದ್ದು ಆ ನಗುವಿನ ಕೈಯಲ್ಲಾದರೂ ಆದೀತೆಂದು ಗಟ್ಟಿಯಾಗಿ ಹಿಡಿದುಕೊಂಡೆ. ದಿನದಿನವೂ, ಸಾವು ನೋಡಿದ ಪ್ರತಿ ಕ್ಯಾಮೆರಾಗೂ ನಗು ಕೊಡಿಸಿಯೇ ಅವರನ್ನು ಎಬ್ಬಿಸಿಕೊಂಡು ಬರುತ್ತೇನೆಂದು ಹಟ ತೊಟ್ಟೆ.

ಶೂಟಿಂಗ್ ಇದ್ದದ್ದು ಕೊಳ್ಳಿಡಂ ನದಿಯ ದಂಡೆಯ ಒಂದು ಹಳ್ಳಿಯಲ್ಲಿ. ಕ್ಯಾಮೆರಾಮನ್ ಎಳಿಲನ್, ಮೂವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಅವನ ಸಹಾಯಕಿ ಯಾಳಿನಿ ಅವನಿಗೆ ತದ್ವಿರುದ್ಧ, ಬಾಯಿಗೆ ಬಿಡುವಿಲ್ಲ. ಅವರು ತಂದಿದ್ದದ್ದು ಮೂರು ಅಳತೆಯ ಕ್ಯಾಮೆರಾ. ಒಂದು ಎತ್ತಲು ಇಬ್ಬರು ಬೇಕಾದಷ್ಟು ದೊಡ್ಡದು. ಅದರ ಮುಂದೆ ನಿಂತರೆ ಮುಖದ ಒಂದೊಂದು ರಂಧ್ರವೂ ಕಾಣುತ್ತದೆಯಂತೆ. ಇನ್ನೊಂದು ಕೋಲಿಗೆ ಸಿಕ್ಕಿಸಿಕೊಂಡು ಹೆಣದ ಜೊತೆ ಓಡುವಂಥದ್ದು. ಮೂರನೆಯದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ನನ್ನ ಗಂಡ ಮೊದಲ ದಿನವೇ ಹೆಸರಿಟ್ಟರು. ದೊಡ್ಡದು ಯಜಮಾನ, ನಡುವಿನದು ಮೈದುನ, ಪುಟ್ಟದು ಮರಿ. ನಮಗೆ ಮಕ್ಕಳಿಲ್ಲ. ಕಂಡ ನಾಯಿಮರಿ ಕೋಳಿಮರಿಗೆಲ್ಲ ಹೆಸರಿಡುವುದು ಅವರ ಚಾಳಿ.

ಮೊದಲ ದಿನವೇ ತೊಂದರೆ ಶುರುವಾಯಿತು. ರೀಲಿನ ಕಾಲದಲ್ಲಿ ಹೆಣ ಸ್ವಲ್ಪ ಹೊತ್ತು ಉಸಿರು ಕಟ್ಟಿದರೆ ಸಾಕಿತ್ತು, ಫಿಲ್ಮ್ ಉಳಿಸಲು ಅವರೇ ಅವಸರದಲ್ಲಿ ಕಟ್ ಹೇಳುತ್ತಿದ್ದರು. ಈಗ ಮುಗಿದುಹೋಗುವ ರೀಲೇ ಇಲ್ಲ. ಕ್ಯಾಮೆರಾಗಳು ಓಡುತ್ತಲೇ ಇರುತ್ತವೆ, ಕಟ್ ಹೇಳುವುದನ್ನೇ ಮರೆಯುತ್ತಾರೆ. ಯಜಮಾನನ ಎದುರು ಹತ್ತಿರದ ಶಾಟ್ ತೆಗೆದಾಗಲೆಲ್ಲ ಎಳಿಲನ್ ಪರದೆಯಿಂದ ತಲೆ ಎತ್ತಿ ಹೇಳುತ್ತಿದ್ದ:

“ಅಯ್ಯಾ, ಎದೆ ಮೇಲಿನ ಹೂವು ಅಲ್ಲಾಡ್ತಿದೆ.”

“ಗಾಳಿ ಕಣಪ್ಪ.”

“ಗಾಳಿ ಇಲ್ಲ ಅಯ್ಯಾ.”

“ಹಾಗಾದ್ರೆ ಸತ್ತೋನಿಗೆ ಮಲ್ಲಿಗೆ ವಾಸನೆ ಹಿಡಿಸಿರಬೇಕು” ಎಂದು ಅವರು ನಕ್ಕರೆ ಸುತ್ತಲಿನವರೆಲ್ಲ ನಗುತ್ತಿದ್ದರು. ಎಳಿಲನ್ ನಗಲಿಲ್ಲ. ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಅವನಿಗೆ ಅರ್ಥವಾಯಿತೆಂದು ನನಗೆ ಅರ್ಥವಾಯಿತು. ಆದರೆ ಯಾರಿಗೂ ಏನೂ ಹೇಳಲಿಲ್ಲ. ಮಾರನೆಯ ದಿನದಿಂದ ಯಜಮಾನನನ್ನು ದೂರ ಇಟ್ಟ. ಹತ್ತಿರದ ಮುಖಕ್ಕೆ ಮರಿಯನ್ನು ಚಟ್ಟದ ಬಿದಿರಿಗೇ ಕಟ್ಟಿಸಿದ, ಕಾಣದ ಹಾಗೆ ಚೆಂಡುಹೂವು ಮುಚ್ಚಿಸಿದ. ನಿರ್ದೇಶಕ ಯಾಕೆಂದು ಕೇಳಿದ್ದಕ್ಕೆ, “ಚಟ್ಟ ಹೊತ್ತು ಓಡುವಾಗ ಇಡೀ ಲೋಕ ಅಲ್ಲಾಡಬೇಕು, ಮುಖ ಮಾತ್ರ ನಿಂತಿರಬೇಕು. ಅದು ಮರಿಯಿಂದ ಮಾತ್ರ ಆಗುತ್ತೆ” ಎಂದ. ನನ್ನ ಪಕ್ಕದಲ್ಲಿ ಹಾದುಹೋಗುವಾಗ ಮೆಲ್ಲಗೆ, “ಎಲ್ಲಾ ಅಲ್ಲಾಡುವಾಗ ಉಸಿರು ಯಾರಿಗೂ ಕಾಣಲ್ಲ ಅಕ್ಕಾ” ಎಂದು ಹೇಳಿದ. ಒಳ್ಳೆಯ ತಾಯಿಯ ಮಗ.

ಹೆಣದ ಮೆರವಣಿಗೆ ಅವರ ಪಾತ್ರದ ಕೊನೆಯ ದಿನದ ಕೆಲಸ. ಬೆಳಿಗ್ಗೆಯಿಂದ ತಮಟೆ, ಪಟಾಕಿ, ಕುಣಿತ. ಹಣೆಗೆ ವಿಭೂತಿ, ಕೊರಳು ಮುಚ್ಚುವ ಹಾರ. ಕೈಯ ಹೆಬ್ಬೆರಳೆರಡನ್ನೂ ಸೇರಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿದ್ದರು, ಕಾಲಿನದನ್ನೂ ಹಾಗೆಯೇ. ನಾಲ್ವರು ಚಟ್ಟ ಹೊತ್ತು ಓಡಿದರು, ಮೈದುನ ಪಕ್ಕದಲ್ಲಿ ಓಡಿತು, ಯಜಮಾನ ದೂರದ ದಿಬ್ಬದಿಂದ ನೋಡಿತು, ಮರಿ ಅವರ ಮುಖದ ಮುಂದೆಯೇ ಕೂತು ಸವಾರಿ ಹೋಯಿತು. ನಾವು ಹೆಂಗಸರು ಹಿಂದೆ ಬಾಯಿ ಬಡಿದುಕೊಳ್ಳುತ್ತ ಓಡಿದೆವು. ಮತ್ತೆ ಮತ್ತೆ ಓಡಿಸಿದರು.

ಊಟದ ಹೊತ್ತಾಯಿತು. ಚಟ್ಟವನ್ನು ಹುಣಸೆ ಮರದ ನೆರಳಿನಲ್ಲಿ ಎರಡು ಬೆಂಚಿನ ಮೇಲೆ ಇಳಿಸಿದರು.

“ಅಯ್ಯಾ, ಕಟ್ಟು ಬಿಚ್ತೀನಿ, ಇಳಿದು ಊಟ ಮಾಡಿ” ಎಂದಳು ಯಾಳಿನಿ.

“ಬೇಡ ಮಗಳೇ. ಮತ್ತೆ ಕಟ್ಟೋದು, ಹೂವು ಜೋಡಿಸೋದು ಯಾಕೆ? ನಾನು ಹೀಗೇ ಇರ್ತೀನಿ. ಊಟ ನನ್ನ ಹೆಂಡತಿ ತರ್ತಾಳೆ, ಬೈಗುಳದ ಸಮೇತ.”

ಏಳುವುದು, ಇಳಿಯುವುದು ಆ ಉಸಿರಿಗೆ ಆಗುತ್ತಿರಲಿಲ್ಲ. ಅದು ನಮ್ಮಿಬ್ಬರನ್ನೂ ಎಳಿಲನ್‌ನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಶಾಮಿಯಾನದ ಕಡೆ ಹೋದರು. ನಾನು ಅವರಿಗೆ ಮೊಸರನ್ನ ಹಾಕಿಸಿಕೊಂಡು ಒಂದು ಲೋಟ ಮಜ್ಜಿಗೆ ಕೇಳಿದೆ. ನೀರು ಮಜ್ಜಿಗೆ ಇಲ್ಲದೆ ಅವರ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಬಡಿಸುವವನು, “ಸತ್ತೋರಿಗೆ ಮಜ್ಜಿಗೆ ಯಾಕಕ್ಕ, ಹಾಲು ಬಿಡ್ತಾರೆ ಅಷ್ಟೇ” ಎಂದು ಹಲ್ಲು ಕಿರಿದ. ಅವನಿಗೆ ಮೂರು ತಲೆಮಾರು ನೆನಪಿಟ್ಟುಕೊಳ್ಳುವಷ್ಟು ಬೈದು ಮಜ್ಜಿಗೆ ತೆಗೆದುಕೊಂಡೇ ಹೊರಟೆ. ನನ್ನ ಗಂಟಲು ಊರಾಚೆಗೂ ಕೇಳುವಂಥದ್ದು, ಕಸುಬಿನ ಗಂಟಲು.

ಮರದ ಹತ್ತಿರ ಬರುತ್ತ, “ಸತ್ತಿದ್ದು ಸಾಕು, ಏಳ್ರೀ. ಊಟ ತಂದಿದೀನಿ” ಎಂದೆ.

ಅವರು ಕಣ್ಣು ತೆರೆದು ಬಾಯಿ ತುಂಬ ನಕ್ಕರು. ಕೆನ್ನೆ ಒದ್ದೆಯಾಗಿತ್ತು, ಅದರ ಮೇಲೆ ಚೆಂಡುಹೂವಿನ ಒಂದು ಎಸಳು ಅಂಟಿತ್ತು.

“ಏನಿದು, ಮುಖವೆಲ್ಲ ಒದ್ದೆ?”

“ಬಿಸಿಲು ಕಣೇ. ಹೆಣಕ್ಕೂ ಬೆವರುತ್ತೆ ಈ ಊರಲ್ಲಿ. ಯಾರಿಗೆ ಬಿತ್ತು ಅಷ್ಟು ಬೈಗುಳ?”

“ನಿಮಗೆ ಮಜ್ಜಿಗೆ ಇಲ್ಲ ಅಂದೋನಿಗೆ.”

“ಪಾಪ, ಅವನಿಗೂ ಒಂದು ಚಟ್ಟ ಕಟ್ಟಿಸು” ಎಂದರು. ನಾನು ಎಸಳು ತೆಗೆದು ಎಸೆದೆ. ಕೈ ಕಟ್ಟಿದ್ದರಿಂದ ತುತ್ತು ಮಾಡಿ ಬಾಯಿಗಿಟ್ಟೆ. ಆ ದಿನ ಎಂದಿಗಿಂತ ಎರಡು ತುತ್ತು ಹೆಚ್ಚೇ ತಿಂದರು.

ಊಟ ಮುಗಿಸಿ ಬಂದ ಯಾಳಿನಿ ಚಟ್ಟದ ಹೂವು ಸರಿಸಿ ನಾಲಿಗೆ ಕಚ್ಚಿಕೊಂಡಳು. ಮರಿಯನ್ನು ಆಫ್ ಮಾಡಲು ಮರೆತಿದ್ದಳಂತೆ. ಅದು ಬಿಸಿಯಾಗಿ, ಬ್ಯಾಟರಿ ಮುಗಿದು ನಿಂತಿತ್ತು. “ಸಣ್ಣದು ಅಂತ ಅಸಡ್ಡೆ ಮಾಡ್ತೀಯ” ಎಂದು ಎಳಿಲನ್ ಗದರಿದ. ಅದರಲ್ಲಿನ ಕಾರ್ಡು ತೆಗೆದು, ಬೆಳಗಿನ ಬೇರೆ ಕಾರ್ಡುಗಳ ಜೊತೆ ಜೀಪಿನಲ್ಲಿ ಲಾಡ್ಜಿಗೆ ಕಳಿಸಿದರು. ಅಲ್ಲಿ ಒಬ್ಬ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಡುತ್ತಿದ್ದ. ಮಧ್ಯಾಹ್ನ ಸುಡುಗಾಡಿನ ಕೆಲಸ ಯಜಮಾನ ಮತ್ತು ಮೈದುನ ಎರಡರಲ್ಲೇ ಮುಗಿಯಿತು.

ಕೊನೆಗೆ ಎಳಿಲನ್ ತಾನೇ ಹೇಳಿದ: “ಅಯ್ಯಾ, ಎದ್ದು ಒಂದು ನಗು ಕೊಡಿ.”

ನಾನು ಕಟ್ಟು ಬಿಚ್ಚಿ ಕೂರಿಸಿದೆ. ಯಜಮಾನನ ಕೆಂಪು ದೀಪ ಹತ್ತಿತು. ಅವರು ನಕ್ಕರು. ಮೈದುನನ ದೀಪ ಹತ್ತಿತು, ಅದಕ್ಕೂ ಕೈ ಮುಗಿದು ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವರ ಪಾತ್ರ ಮುಗಿಯಿತೆಂದು ಕುಂಬಳಕಾಯಿ ಒಡೆದರು.

“ಮರಿಗೆ?” ಎಂದೆ ನಾನು.

“ಅಕ್ಕಾ, ಅದಕ್ಕೆ ಬ್ಯಾಟರಿನೂ ಇಲ್ಲ, ಕಾರ್ಡೂ ಇಲ್ಲ. ಎಲ್ಲಾ ಲಾಡ್ಜಲ್ಲಿದೆ” ಎಂದಳು ಯಾಳಿನಿ.

“ತರಿಸು.”

ನಿರ್ದೇಶಕ ನಡುವೆ ಬಂದ. “ಅಮ್ಮಾ, ಎರಡು ದೊಡ್ಡದಕ್ಕೆ ಕೊಟ್ಟಾಯ್ತಲ್ಲ. ಅದು ಆಟದ ಸಾಮಾನಿನಂಥದ್ದು, ಲೆಕ್ಕಕ್ಕಿಲ್ಲ.”

“ಲೆಕ್ಕಕ್ಕಿಲ್ಲ ಅಂದ್ರೆ ಸಿನಿಮಾದಲ್ಲಿ ಅದು ತೆಗೆದಿದ್ದನ್ನ ಇಡಲ್ವಾ ನೀವು?”

ಯಾಳಿನಿ ಪಾಪದ ಹುಡುಗಿ, ಓಡಿಹೋಗಿ ಖಾಲಿ ಮರಿಯನ್ನೇ ತಂದು ಅವರ ಮುಖದ ಮುಂದೆ ಹಿಡಿದಳು. ಅವರು ಅದಕ್ಕೂ ನಕ್ಕರು. ನಾನು ದೀಪ ಹುಡುಕಿದೆ.

“ಕೆಂಪು ದೀಪ ಎಲ್ಲಿ? ನನ್ನನ್ನೇನು ಅಷ್ಟೂ ಗೊತ್ತಿಲ್ಲದೋಳು ಅಂದ್ಕೊಂಡ್ಯಾ? ಎಲ್ಲಕ್ಕಿಂತ ಹತ್ತಿರದಿಂದ ಸಾವು ನೋಡಿದ್ದು ಅದು. ಅದಕ್ಕೆ ನಗು ಸಿಗದೆ ನಾನು ಇಲ್ಲಿಂದ ಕದಲಲ್ಲ.”

“ಬಿಡೇ ತಿಲಕಾ” ಎಂದರು ಅವರು. ದನಿ ದಣಿದಿತ್ತು. “ಮರಿ ಅದು. ಮಕ್ಕಳು ಏನು ನೋಡಿದ್ರೂ ಮರೆತುಬಿಡ್ತವೆ. ನನಗೆ ಮಲಗಬೇಕು.”

ಆ ದನಿ ಕೇಳಿದ ಮೇಲೆ ನಾನು ಸುಮ್ಮನಾಗಲೇಬೇಕಾಯಿತು. “ನಾಳೆ ಬೆಳಿಗ್ಗೆ ಖಂಡಿತ ತಗೋತೀವಿ ಅಕ್ಕಾ” ಎಂದ ಎಳಿಲನ್. ಬೆಳಿಗ್ಗೆ ಅವರೆಲ್ಲ ಸೂರ್ಯ ಹುಟ್ಟುವುದಕ್ಕೆ ಮೊದಲೇ ಇನ್ನೊಂದು ಊರಿಗೆ ಹೋಗಿದ್ದರು. ನಮ್ಮನ್ನು ಚೆನ್ನೈಗೆ ಕರೆದೊಯ್ಯುವ ಕಾರು ಮಾತ್ರ ಬಾಗಿಲಲ್ಲಿ ನಿಂತಿತ್ತು. ಇಡೀ ದಾರಿ ಅವರು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದರು. ನಾನು ಹಿಂದಿನ ಗಾಜಿನ ಕಡೆ ಆಗಾಗ ತಿರುಗಿ ನೋಡುತ್ತಿದ್ದೆ, ಏನೋ ಬೆನ್ನು ಹತ್ತಿದ ಹಾಗೆ.

ಆಡಿ ತಿಂಗಳು, ಅಂದರೆ ಆಷಾಢ, ಮುಗಿಯುವ ಹೊತ್ತಿಗೆ ಅವರು ಹೋದರು. ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋಗಿ “ಸತ್ತಿದ್ದು ಸಾಕು, ಏಳ್ರೀ” ಎಂದೆ. ಏಳಲಿಲ್ಲ. ಇನ್ನೊಂದು ಸಲ ಪೂರ್ತಿ ಹೇಳಿದೆ. ಎದೆಯ ಮೇಲೆ ಕೈಯಿಟ್ಟೆ. ಏನೂ ಅಲ್ಲಾಡುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಅವರು ಎಂದೂ ಸತ್ತಿರಲಿಲ್ಲ.

ಅಳುವ ಗುಂಪಿನ ನನ್ನ ಜೊತೆಗಾತಿಯರೆಲ್ಲ ಬಂದರು. ಈ ಸಲ ಹಾಡಲಿಲ್ಲ, ನಿಜವಾಗಿ ಅತ್ತರು. ನನ್ನ ಕಣ್ಣಿನಲ್ಲಿ ಒಂದು ಹನಿಯೂ ಬರಲಿಲ್ಲ. ಗ್ಲಿಸರಿನ್ ಬೇಡದವಳು ಎಂದು ಹೆಸರು ಮಾಡಿದವಳು ನಾನು! ಯಾರೋ ಬಿಳಿ ಬಟ್ಟೆಯ ಚೂರು ಕೈಗಿತ್ತರು. ಅವರ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದೆ. ಆ ಕಟ್ಟನ್ನು ಎಷ್ಟೋ ಸಲ ಬಿಚ್ಚಿದ್ದೆ, ಕಟ್ಟಿದ್ದು ಅದೇ ಮೊದಲು.

ನನ್ನೊಳಗೆ ದುಃಖಕ್ಕೆ ಜಾಗವಿರಲಿಲ್ಲ, ಬರೀ ಸಿಟ್ಟು. ಆ ಮರಿಯ ಮೇಲೆ, ಅದನ್ನು ಆಫ್ ಮಾಡಲು ಮರೆತ ಯಾಳಿನಿಯ ಮೇಲೆ, ಆಟದ ಸಾಮಾನು ಎಂದ ನಿರ್ದೇಶಕನ ಮೇಲೆ. ಮಕ್ಕಳು ಮರೆತುಬಿಡ್ತವೆ ಎಂದರಲ್ಲ, ಮರೆಯಲಿಲ್ಲ ನೋಡಿ ಎಂದು ಅವರ ಮೇಲೂ. ಯಾಳಿನಿ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅವಳೇ ಮನೆ ಬಾಗಿಲಿಗೆ ಬಂದಳು. ನಾನು ಕೂರು ಎನ್ನಲಿಲ್ಲ.

“ಏನು ಉಳಿದಿದೆ ಅಂತ ಬಂದೆ? ನಾನು ಬಡ್ಕೊಂಡೆ ಅವತ್ತು, ಕೇಳಿದ್ರಾ ಯಾರಾದ್ರೂ?”

“ಬೈಯಿರಿ ಅಕ್ಕಾ, ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಒಂದು ಸಲ ಎಡಿಟಿಂಗ್ ರೂಮಿಗೆ ಬನ್ನಿ. ಮರಿ ಆಫ್ ಆಗದೇ ಓಡಿತ್ತಲ್ಲ, ಊಟದ ಹೊತ್ತಲ್ಲಿ... ಅದನ್ನ ನಾವು ಈಗ ನೋಡಿದ್ವಿ.” ಬಾಗಿಲ ಪಕ್ಕದ ನನ್ನ ಚಪ್ಪಲಿಯನ್ನು ಅವಳೇ ತಂದು ನನ್ನ ಕಾಲಿನ ಮುಂದಿಟ್ಟಳು.

ಸಾಲಿಗ್ರಾಮಂನಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಆ ರೂಮು. ಒಳಗೆ ಎಳಿಲನ್ ಒಬ್ಬನೇ ಇದ್ದ. ನನ್ನನ್ನು ನೋಡಿ ಎದ್ದು ಕುರ್ಚಿ ಕೊಟ್ಟ. “ಅಕ್ಕಾ, ಇದನ್ನ ನಾವಿಬ್ಬರು ಬಿಟ್ಟು ಬೇರೆ ಯಾರೂ ನೋಡಿಲ್ಲ. ನಿರ್ದೇಶಕರಿಗೂ ತೋರಿಸಿಲ್ಲ. ನೀವು ಹೇಳಿದ ಹಾಗೆ ಮಾಡ್ತೀವಿ” ಎಂದ.

ಪರದೆಯ ತುಂಬ ನನ್ನ ಗಂಡನ ಮುಖ. ವಿಭೂತಿ, ಹಾರ, ಮುಚ್ಚಿದ ಕಣ್ಣು. ಚಟ್ಟ ಇಳಿಸಿದ ಸದ್ದು, ಜನ ಮಾತಾಡುತ್ತ ದೂರ ಹೋದ ಸದ್ದು. ಆಮೇಲೆ ಮರದಲ್ಲಿ ಕಾಗೆ ಕೂಗುವುದು ಬಿಟ್ಟರೆ ಏನೂ ಇಲ್ಲ.

ಎಲ್ಲರೂ ಹೋದರೆಂದು ಖಾತ್ರಿಯಾದ ಮೇಲೆ ಅವರು ಬಾಯಿ ತೆರೆದರು. ಕೆರೆಯಿಂದ ಎತ್ತಿ ದಂಡೆಗೆ ಹಾಕಿದ ಮೀನಿನ ಹಾಗೆ ಗಾಳಿಗೆ ಬಾಯಿ ಬಿಟ್ಟರು. ಎದೆಯ ಮೇಲಿನ ಹಾರ ಎದ್ದೆದ್ದು ಬೀಳುತ್ತಿತ್ತು. ಕೆಮ್ಮು ಬಂತು. ಶಾಮಿಯಾನಕ್ಕೆ ಕೇಳಬಾರದೆಂದು ತುಟಿ ಕಚ್ಚಿ ಕೆಮ್ಮಿದರು. ಕಣ್ಣು ತೆರೆದು ಮೇಲೆ ನೋಡುತ್ತ ಬಹಳ ಹೊತ್ತು ಮಲಗಿದ್ದರು. ಆಮೇಲೆ ಅತ್ತರು.

ನಾನು ಅಳುವ ಕಸುಬಿನವಳು. ಯಾವ ಅಳು ಎ‌ಲ್ಲಿಂದ ಬರುತ್ತದೆಂದು ಒಂದು ನೋಟದಲ್ಲಿ ಹೇಳಬಲ್ಲೆ. ಅದು ಹೆದರಿದವನ ಅಳು. ಕತ್ತಲೆಯ ಕೋಣೆಗೆ ಒಬ್ಬನೇ ಹೋಗು ಎಂದಾಗ ಮಗು ಅಳುತ್ತದಲ್ಲ, ಅಂಥದ್ದು. ಕೈ ಕಟ್ಟಿದ್ದರಿಂದ ಒರೆಸಿಕೊಳ್ಳಲಾಗದೆ ಕಣ್ಣೀರು ಕಿವಿಯೊಳಗೆ ಹರಿಯುತ್ತಿತ್ತು. “ಅವಳಿಗೆ ಯಾರಿದ್ದಾರೆ?” ಎಂದು ಮೆಲ್ಲಗೆ, ಯಾರನ್ನೋ ಕೇಳುವ ಹಾಗೆ ಅಂದರು. ಇನ್ನೊಂದು ಸಲವೂ ಅದನ್ನೇ ಅಂದರು.

ಅಷ್ಟರಲ್ಲಿ ದೂರದಿಂದ ನನ್ನ ಗಂಟಲು ಕೇಳಿಸಿತು. ಮಜ್ಜಿಗೆಯ ಜಗಳ. ಅವರು ಬೆಚ್ಚಿಬಿದ್ದರು. ಅವಸರ ಅವಸರವಾಗಿ ಮುಖ ಹೊರಳಿಸಿ ಈ ಕೆನ್ನೆಯನ್ನು ಹಾರಕ್ಕೆ ಉಜ್ಜಿದರು, ಆ ಕೆನ್ನೆಯನ್ನೂ ಉಜ್ಜಿದರು. ಒಂದು ಎಸಳು ಕೆನ್ನೆಗೆ ಅಂಟಿಕೊಂಡಿತು. ಅದು ಅವರಿಗೆ ಗೊತ್ತಾಗಲಿಲ್ಲ. ತುಟಿ ಅಗಲಿಸಿ ನಗು ಹಚ್ಚಿ ನೋಡಿದರು, ನಿಲ್ಲಲಿಲ್ಲ, ಬಾಯಿ ನಡುಗಿ ಜಾರಿತು. ಮತ್ತೆ ಹಚ್ಚಿದರು. ಮತ್ತೆ ಜಾರಿತು. ನನ್ನ ಹೆಜ್ಜೆ ಹತ್ತಿರವಾಗುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡು ಕಾದರು.

“ಸತ್ತಿದ್ದು ಸಾಕು, ಏಳ್ರೀ. ಊಟ ತಂದಿದೀನಿ” ಎಂದಿತು ಪರದೆಯಲ್ಲಿ ನನ್ನ ದನಿ.

ಅವರು ಕಣ್ಣು ತೆರೆದರು. ಈ ಸಲ ನಗು ನಿಂತಿತು. ನಿಂತದ್ದಷ್ಟೇ ಅಲ್ಲ, ಕಣ್ಣಿಗೂ ಹತ್ತಿತು. ಅದು ಹಚ್ಚಿಕೊಂಡದ್ದಲ್ಲ, ನನ್ನನ್ನು ನೋಡಿ ತಾನಾಗಿಯೇ ಬಂದದ್ದು. ಮರಿ ಅವರ ಮುಖದ ಮುಂದೆಯೇ ಕೂತಿತ್ತು. ಪರದೆ ಅಲ್ಲಿಗೆ ಕಪ್ಪಾಯಿತು, ಬ್ಯಾಟರಿ ಮುಗಿದಿತ್ತು.

ಹಾಗಾದರೆ ಮರಿಗೂ ನಗು ಸಿಕ್ಕಿತ್ತು. ಎಲ್ಲ ಕ್ಯಾಮೆರಾಗಳಿಗಿಂತ ಒಳ್ಳೆಯ ನಗು ಅದಕ್ಕೇ ಸಿಕ್ಕಿತ್ತು. ಆದರೂ ಅವರು ಹೋದರು. ಸಿಟ್ಟು ಮಾಡಲು ನನಗೆ ಇನ್ನು ಯಾರೂ ಉಳಿದಿರಲಿಲ್ಲ. ಆಗ ನನಗೆ ಅಳು ಬಂತು. ಹಾಡಿಲ್ಲ, ಸದ್ದಿಲ್ಲ, ಎದೆ ಬಡಿದುಕೊಳ್ಳಲು ಕೈ ಏಳಲಿಲ್ಲ. ಯಾಳಿನಿ ಬಂದು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.

ಸುಧಾರಿಸಿಕೊಂಡ ಮೇಲೆ ಎಳಿಲನ್ ಕೇಳಿದ, “ಏನು ಮಾಡೋಣ ಅಕ್ಕಾ?”

“ಮೊದಲಿನ ಭಾಗ ಡಿಲೀಟ್ ಮಾಡಪ್ಪ.”

“ಯಾವುದು?”

“ಅತ್ತಿದ್ದು. ಹೆದರಿದ್ದು. ಎಲ್ಲಾ. ನನ್ನ ದನಿ ಬರೋವರೆಗೂ ಇರೋದೆಲ್ಲ.”

“ಅಕ್ಕಾ, ಅದು ಅವರ ಕೊನೆಯ...” ಎಂದಳು ಯಾಳಿನಿ.

“ಅದನ್ನ ನನಗೆ ತೋರಿಸಬಾರದು ಅಂತ ಅವರು ಕೈ ಕಟ್ಟಿದ್ರೂ ಮುಖ ಒರೆಸಿಕೊಂಡ್ರು ಕಣಮ್ಮ. ಅಷ್ಟು ಕಷ್ಟಪಟ್ಟು ಮಾಡಿದ ಕೆಲಸ ನಾನು ಹಾಳು ಮಾಡಲಾ? ನಾನು ನೋಡಿಲ್ಲ. ನೀವೂ ನೋಡಿಲ್ಲ.”

ಎಳಿಲನ್ ಹಾಗೆಯೇ ಮಾಡಿದ. ಇಷ್ಟು ವರ್ಷ ಅವರ ಸಾವನ್ನು ಇಟ್ಟುಕೊಂಡು ನಗುವನ್ನು ಬುಟ್ಟಿಗೆ ಹಾಕಿದ್ದರು, ಆ ದಿನ ನಾವು ತಿರುಗಿಸಿ ಮಾಡಿದೆವು. ಉಳಿದದ್ದು ಒಂದು ಚೂರು. ಯಾಳಿನಿ ಅದನ್ನು ನನ್ನ ಫೋನಿಗೆ ಹಾಕಿಕೊಟ್ಟಳು.

ಈಗಲೂ ಬೆಳಿಗ್ಗೆ ಕಾಫಿ ಮಾಡಿಕೊಂಡು ಕೂತು ಅದನ್ನು ಹಾಕುತ್ತೇನೆ. “ಸತ್ತಿದ್ದು ಸಾಕು, ಏಳ್ರೀ” ಎನ್ನುತ್ತದೆ ನನ್ನ ದನಿ. ಅವರು ಕೆನ್ನೆಯ ಮೇಲೆ ಎಸಳು ಅಂಟಿಸಿಕೊಂಡೇ ಏಳುತ್ತಾರೆ.